ಒಫಿಲಿ ಟರ್ಕಿ ಕಡೆ ಮುಖ ಮಾಡಿದ್ದು ಯಾಕೆ?

ಹಾವೇರಿಯಿಂದ ಓದುಗರೊಬ್ಬರು ಬರೆದಿದ್ದಾರೆ: “ನೈಜೀರಿಯಾದ ಓಟಗಾರ್ತಿ ಫೇವರ್ ಒಫಿಲಿಯನ್ನು ಕಳೆದ ಸಂಚಿಕೆಯಲ್ಲಿ ಬಾಯ್ತುಂಬ ಹೊಗಳಿದ್ದೀರಿ. ಬೆಳೆಸಿದ ದೇಶ ಬಿಟ್ಟು ಟರ್ಕಿ ಪರ ಓಡಲು ಹೊರಟವಳಿಗೆ ಎರಡು ಪುಟ ಬೇಕಿತ್ತಾ? ದುಡ್ಡು ಕಂಡ ಕಡೆ ಹೋಗುವುದು ಸಾಧನೆಯೇ? ಮೇಲಾಗಿ 150 ಮೀಟರ್‌ನಲ್ಲಿ ವಿಶ್ವದಾಖಲೆ ಅಂದಿದ್ದೀರಿ. ಅಂಥದ್ದೊಂದು ಇದೆಯೇ?”

ಮೊದಲು ನಮ್ಮ ತಪ್ಪು ಒಪ್ಪಿಕೊಂಡುಬಿಡುತ್ತೇನೆ ಸರ್. 150 ಮೀಟರ್‌ಗೆ ಅಧಿಕೃತ ವಿಶ್ವದಾಖಲೆ ಅಂತ ಇಲ್ಲ. 2025ರ ಮೇ 17ರಂದು ಅಟ್ಲಾಂಟಾದಲ್ಲಿ, ತಿರುವೇ ಇಲ್ಲದ ನೇರ ಟ್ರ್ಯಾಕ್ ಮೇಲೆ ಒಫಿಲಿ 15.85 ಸೆಕೆಂಡಿನಲ್ಲಿ ಗುರಿ ಮುಟ್ಟಿದಳು. ಅಷ್ಟು ದೂರವನ್ನು 16 ಸೆಕೆಂಡಿನ ಒಳಗೆ ಓಡಿದ ಮೊದಲ ಮಹಿಳೆ. ‘ಈವರೆಗಿನ ಅತಿ ವೇಗದ ಓಟ’ ಅಂತ ಬರೆದಿದ್ದರೆ ಸಾಕಿತ್ತು. ಉತ್ಸಾಹ ಸ್ವಲ್ಪ ಜಾಸ್ತಿಯಾಯಿತು.

ಟರ್ಕಿ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪಲಾರೆ. ಟೋಕಿಯೊ ಒಲಿಂಪಿಕ್ಸ್‌ನಿಂದಲೇ ನೋಡೋಣ.

ದೊಡ್ಡ ಕೂಟಕ್ಕೆ ಮುಂಚಿನ 10 ತಿಂಗಳಲ್ಲಿ, ಸ್ಪರ್ಧೆ ಇಲ್ಲದ ದಿನಗಳಲ್ಲಿ, ಹೇಳದೇ ಕೇಳದೇ ಬಂದು ಮಾಡುವ ಕನಿಷ್ಠ 3 ಉದ್ದೀಪನ ಮದ್ದು ಪರೀಕ್ಷೆ ಆಗಿರಬೇಕು. ಮದ್ದು ಸೇವನೆಯ ಅಪಾಯ ಹೆಚ್ಚಿದೆ ಎಂದು ಗುರುತಿಸಿದ ದೇಶಗಳಿಗೆ ಈ ನಿಯಮ, ಆಗ ನೈಜೀರಿಯಾ ಅವುಗಳಲ್ಲಿ ಒಂದಾಗಿತ್ತು. ಅದು ನಡೆಯುವಂತೆ ನೋಡಿಕೊಳ್ಳಬೇಕಾದದ್ದು ಆಯಾ ದೇಶದ ಅಥ್ಲೆಟಿಕ್ಸ್ ಫೆಡರೇಷನ್. 2021ರಲ್ಲಿ ಅದು ಆಗಲಿಲ್ಲ. ನೈಜೀರಿಯಾದ 10 ಮಂದಿಯನ್ನು ಕೈಬಿಟ್ಟರು. ಅವರಲ್ಲಿ 18 ವರ್ಷದ ಒಫಿಲಿಯೂ ಒಬ್ಬಳು. ಗಮನಿಸಿ, ಪರೀಕ್ಷೆಯಲ್ಲಿ ಸಿಕ್ಕಿಬಿದ್ದದ್ದಕ್ಕಲ್ಲ, ಬೇಕಾದಷ್ಟು ಪರೀಕ್ಷೆ ಆಗದೇ ಹೋದದ್ದಕ್ಕೆ! ಟೋಕಿಯೊ ತನಕ ಹೋಗಿದ್ದ ಹುಡುಗ ಹುಡುಗಿಯರು ಕೈಬರಹದ ಫಲಕ ಹಿಡಿದು ನಿಂತರು. ಬೇರೆಯವರ ಬೇಜವಾಬ್ದಾರಿಗೆ ನಾವೇಕೆ ಅನುಭವಿಸಬೇಕು ಅಂತ ಅದರಲ್ಲಿ ಕೇಳಿದ್ದರು. ಓಡಲು ಹೋದವರ ಕೈಯಲ್ಲಿ ಫಲಕ!

ಮರುವರ್ಷ ಅಮೆರಿಕದ ಲೂಸಿಯಾನಾದಲ್ಲಿ ಓದುತ್ತಲೇ 200 ಮೀಟರ್ ಅನ್ನು 21.96 ಸೆಕೆಂಡಿನಲ್ಲಿ ಓಡಿದಳು. 22ರ ಒಳಗೆ ಬಂದ ಮೊದಲ ನೈಜೀರಿಯಾ ಮಹಿಳೆ. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಬೆಳ್ಳಿ. ಅಲ್ಲಿ ರಿಲೇಯಲ್ಲಿ ಚಿನ್ನವೂ ಸಿಕ್ಕಿತ್ತು, ಆಮೇಲೆ ತಂಡದ ಇನ್ನೊಬ್ಬ ಓಟಗಾರ್ತಿ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಅದೂ ಹೋಯಿತು.

ಇನ್ನು 2024ರ ಪ್ಯಾರಿಸ್. 100 ಮೀಟರ್‌ಗೆ ಅರ್ಹತೆ ಇತ್ತು, ಆದರೆ ಓಡುವವರ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಹೆಸರು ಸೇರಿಸುವ ಕೆಲಸ ಯಾರೋ ಮಾಡಿಲ್ಲ, ಅಷ್ಟೇ. ಸ್ಪರ್ಧೆ ಇನ್ನೇನು ಶುರುವಾಗಬೇಕು ಅನ್ನುವಾಗ ಆಕೆಗೆ ಇದು ಗೊತ್ತಾಯಿತು. ಇದರ ನಡುವೆಯೇ 200 ಮೀಟರ್ ಓಡಿ ಫೈನಲ್ ತಲುಪಿದಳು. 1996ರಲ್ಲಿ ಕಂಚು ಗೆದ್ದ ಮೇರಿ ಒನ್ಯಾಲಿ ನಂತರ ಈ ಓಟದ ಒಲಿಂಪಿಕ್ಸ್ ಫೈನಲ್‌ಗೆ ಬಂದ ನೈಜೀರಿಯಾದವರು ಇವಳೇ. 22.24 ಸೆಕೆಂಡು, 6ನೇ ಸ್ಥಾನ. ಕಂಚು ಗೆದ್ದವಳದ್ದು 22.20. ಲಾಸ್ ಏಂಜಲಿಸ್‌ನಲ್ಲಿ ಉಷಾ ಕಳೆದುಕೊಂಡ ಆ ನೂರನೇ ಒಂದು ಸೆಕೆಂಡನ್ನು ಇವತ್ತಿಗೂ ನೆನೆದು ಕೊರಗುವ ನಮಗೆ ಈ ಸಂಕಟ ಬಿಡಿಸಿ ಹೇಳಬೇಕಾ?

ಟರ್ಕಿ ಸುದ್ದಿ ಬಂದದ್ದು ಇದಾದ ಮೇಲೆ, 2025ರ ಜೂನ್‌ನಲ್ಲಿ. ದುಡ್ಡಿನ ಪಾತ್ರ ಏನೂ ಇಲ್ಲ ಅಂತ ನಾನು ಆಣೆ ಮಾಡಲಾರೆ. ಓಟಗಾರರ ಕಾಲಿನ ಆಯಸ್ಸು ಕಡಿಮೆ, ದುಡ್ಡು ನೋಡಿದರೂ ತಪ್ಪೆನ್ನಲಾರೆ. ಆದರೆ ಎರಡು ಒಲಿಂಪಿಕ್ಸ್‌ನಲ್ಲಿ ಕಚೇರಿ ಕೆಲಸ ಕೈಕೊಟ್ಟ ಮೇಲೂ ಮೂರನೆಯದಕ್ಕೆ ಅದೇ ಬಾಗಿಲಲ್ಲಿ ಕಾಯಬೇಕು ಅಂತ ನಾವು ಇಲ್ಲಿ ಕೂತು ಹೇಳುವುದು ಸುಲಭ, ಅಲ್ವಾ? ಆಕೆ ಮೊದಲನೆಯವಳೂ ಅಲ್ಲ. 2004ರ ಅಥೆನ್ಸ್‌ನಲ್ಲಿ 100 ಮೀಟರ್ ಬೆಳ್ಳಿ ಗೆದ್ದ ಫ್ರಾನ್ಸಿಸ್ ಒಬಿಕ್ವೆಲು ಹುಟ್ಟಿದ್ದು ನೈಜೀರಿಯಾದಲ್ಲಿ, ಪದಕ ಹೋದದ್ದು ಪೋರ್ಚುಗಲ್‌ಗೆ.

ಎರಡು ಪುಟ ಜಾಸ್ತಿಯಾಯಿತು ಅಂದಿದ್ದೀರಿ. ನನಗೆ ಟೋಕಿಯೊ ಫಲಕದ ಫೋಟೊ ಹಾಕಲು ಇನ್ನರ್ಧ ಪುಟ ಬೇಕಿತ್ತು ಅನಿಸಿದೆ. 150 ಮೀಟರ್‌ನ ತಿದ್ದುಪಡಿ ಇದೇ ಸಂಚಿಕೆಯ ಕೊನೆಯ ಪುಟದಲ್ಲಿದೆ.

— ಸಂಪಾದಕ