ಆಸ್ಪಿರಿನ್ ಪರಿಣಾಮ ಅಷ್ಟು ದಿನ ಏಕೆ?

ಆಸ್ಪಿರಿನ್ ಕೆಲವೇ ಗಂಟೆಗಳಲ್ಲಿ ರಕ್ತದಿಂದ ಮಾಯವಾಗುವುದಾದರೆ ಶಸ್ತ್ರಚಿಕಿತ್ಸೆಗೆ ವಾರ ಮೊದಲೇ ನಿಲ್ಲಿಸಲು ಹೇಳುವುದೇಕೆ ಎಂದು ಕೇಳಿದ್ದೀರಿ. ಔಷಧ ಹೋದರೂ ಅದು ಮಾಡಿದ ಕೆಲಸ ಉಳಿಯುತ್ತದೆ. ಒಂದಕ್ಕೊಂದು ಅಂಟಿಕೊಂಡು ರಕ್ತ ಹೆಪ್ಪುಗಟ್ಟಿಸುವ ಪುಟ್ಟ ರಕ್ತಕಣ ಪ್ಲೇಟ್‌ಲೆಟ್; ಆ ಕೆಲಸಕ್ಕೆ ನೆರವಾಗುವ, ಅದರೊಳಗಿನ ಕಾಕ್ಸ್-1 ಎಂಬ ಕಿಣ್ವಕ್ಕೆ ಅದು ತನ್ನ ಅಸಿಟೈಲ್ ತುಣುಕನ್ನು ಶಾಶ್ವತವಾಗಿ ಅಂಟಿಸಿಬಿಡುತ್ತದೆ, ಬೀಗದೊಳಗೆ ಕೀಲಿ ಮುರಿದಂತೆ. ಬೇರೆ ಜೀವಕೋಶವಾಗಿದ್ದರೆ ಹೊಸ ಕಿಣ್ವ ತಯಾರಿಸಿಕೊಳ್ಳುತ್ತಿತ್ತು. ಪ್ಲೇಟ್‌ಲೆಟ್‌ಗೆ, ಪಾಪ, ಕೋಶಕೇಂದ್ರವೇ ಇಲ್ಲ. ಬದುಕಿರುವ 7ರಿಂದ 10 ದಿನವೂ ಹಾಗೆಯೇ ಸುತ್ತುತ್ತಿರಬೇಕು. ಮಜ್ಜೆಯಿಂದ ದಿನಕ್ಕೆ ಸುಮಾರು ಹತ್ತರಲ್ಲೊಂದು ಪಾಲು ಹೊಸವು ಬರುತ್ತವೆ, ಅಷ್ಟೇ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇನ್ನೊಂದು ಔಷಧ ಕ್ಲೊಪಿಡೊಗ್ರೆಲ್ ಕೂಡ ಹೀಗೆಯೇ, ಆದರೆ ಅದು ಕೆಡಿಸುವುದು ಪ್ಲೇಟ್‌ಲೆಟ್ ಮೇಲೆ ಸಂಕೇತ ಹಿಡಿಯುವ ಪಿ2ವೈ12 ಎಂಬ ಗ್ರಾಹಕವನ್ನು. ಅದೇ ಬಗೆಯ ಔಷಧ ಟಿಕಾಗ್ರೆಲರ್ ಆ ಗ್ರಾಹಕವನ್ನು ಹಿಡಿದು ಮತ್ತೆ ಬಿಟ್ಟುಕೊಡುತ್ತದೆ; ಅದಕ್ಕೇ ದಿನಕ್ಕೆರಡು ಬಾರಿ ನುಂಗಬೇಕು. ಸ್ಟೆಂಟ್ ಹಾಕಿಸಿಕೊಂಡವರು ಮಾತ್ರ ಈ ಲೆಕ್ಕ ಹಿಡಿದು ತಾವಾಗಿಯೇ ಮಾತ್ರೆ ನಿಲ್ಲಿಸಬಾರದು, ವೈದ್ಯರನ್ನು ಕೇಳಲೇಬೇಕು.