ಸುಮ್ನೆ ಗುರಿ ಹೊಡೆಯುವ .22 ಪಿಸ್ತೂಲಿಗೂ ಸ್ಪರ್ಧೆಯ ಪಿಸ್ತೂಲಿಗೂ ನಿಜವಾದ ವ್ಯತ್ಯಾಸ ಎಲ್ಲಿದೆ?

ನಿಮ್ಮ ಹತ್ತಿರ ರೂಗರ್ ಮಾರ್ಕ್ 4 ಎಂಬ ಮಾಮೂಲಿ .22 ಪಿಸ್ತೂಲು ಇದೆ, ಕ್ಲಬ್ಬಿನಲ್ಲಿ ಕೆಲವರು ಪಾರ್ಡಿನಿ ಎಸ್‌ಪಿ ಎಂಬ ಸ್ಪರ್ಧೆಯ ಪಿಸ್ತೂಲು ಹಿಡಿದು ಹೊಡೆಯುವುದನ್ನು ನೋಡಿದ್ದೀರಿ. ಎರಡರಲ್ಲೂ ಅದೇ .22 ಎಲ್‌ಆರ್ ಗುಂಡು. ಹಾಗಿದ್ದರೆ ಅಷ್ಟೊಂದು ಬೆಲೆ ಯಾಕೆ, ನಾನೂ ಬದಲಾಯಿಸಬೇಕಾ ಅಂತ ಕೇಳಿದ್ದೀರಿ.

ಎರಡೂ ಜಾತಿಯ ಪಿಸ್ತೂಲುಗಳನ್ನು ಬಳಸಿದವನಾಗಿ ಹೇಳುತ್ತೇನೆ: ಆ ಹೆಚ್ಚುವರಿ ದುಡ್ಡು ಬಹುಪಾಲು ಹೋಗುವುದು ಟ್ರಿಗರ್‌ಗೆ ಮತ್ತು ಹಿಡಿಗೆ. ಜನ ಅಂದುಕೊಳ್ಳುವಂತೆ ಬ್ಯಾರಲ್‌ಗೆ ಅಲ್ಲ.

ಲೆಕ್ಕ ನೋಡಿ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಐಎಸ್‌ಎಸ್‌ಎಫ್‌ನ 25 ಮೀಟರ್ ಪ್ರಿಸಿಷನ್ (ನಿಧಾನದ ಸುತ್ತಿನ) ಗುರಿಯಲ್ಲಿ ಹತ್ತು ಅಂಕದ ವೃತ್ತದ ಅಗಲ 50 ಮಿ.ಮೀ. ಮರಳಿನ ಚೀಲದ ಮೇಲೆ ಊರಿ, ತನಗೆ ಒಗ್ಗುವ ಗುಂಡು ಹಾಕಿ ಹೊಡೆದರೆ ಒಳ್ಳೆಯ ಮಾರ್ಕ್ 4 ಐದಕ್ಕೆ ಐದನ್ನೂ ಆ ವೃತ್ತದೊಳಗೆ ಹಾಕಬಲ್ಲದು. ಅದರಲ್ಲಿ ಬ್ಯಾರಲ್ ಮತ್ತು ಎರಡೂ ಸೈಟ್‌ಗಳು (ಗುರಿ ಹಿಡಿಯಲು ಮುಂದೆ, ಹಿಂದೆ ಇರುವ ತುಂಡುಗಳು) ಅಲುಗಾಡುವುದಿಲ್ಲ, ಒಳಗಿನ ಬೋಲ್ಟ್ ಮಾತ್ರ ಹಿಂದೆ ಮುಂದೆ ಹೋಗುತ್ತದೆ. ಇದೇ ಥರದ ಇನ್ನೊಂದು ಪಿಸ್ತೂಲು ಬ್ರೌನಿಂಗ್ ಬಕ್ ಮಾರ್ಕ್ ಕೂಡ ಈ ವಿಷಯದಲ್ಲಿ ಕಡಿಮೆ ಏನಲ್ಲ. ಅಂದರೆ ಒಂದು ಕೈಯಲ್ಲಿ ನಿಂತು ಹೊಡೆದಾಗ ಏಳು, ಎಂಟು ಬಿತ್ತು ಅಂದರೆ ಪಿಸ್ತೂಲನ್ನು ಬೈದು ಉಪಯೋಗ ಇಲ್ಲ.

ಹಾಗಾದರೆ ಅಂಕ ಎಲ್ಲಿ ಸೋರುತ್ತದೆ? ಮುಂದಿನ ಸೈಟಿಗೂ ಹಿಂದಿನ ಸೈಟಿಗೂ ಮಧ್ಯೆ 220 ಮಿ.ಮೀ. ಇದೆ ಅಂತಿಟ್ಟುಕೊಳ್ಳಿ, ನಿಯಮ ಬಿಡುವುದೇ ಅಷ್ಟು. ಗುಂಡು ಹೊರಡುವ ಕ್ಷಣದಲ್ಲಿ ಮುಂದಿನ ಸೈಟ್ ಹಿಂದಿನದಕ್ಕಿಂತ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೂ 25 ಮೀಟರ್‌ನಲ್ಲಿ ಏಟು ಸುಮಾರು 57 ಮಿ.ಮೀ. ಆಚೆ ಬೀಳುತ್ತದೆ. ಕೈಯೆಲ್ಲಾ ಒಟ್ಟಿಗೆ ತೂಗಾಡಿದರೆ ಅಷ್ಟು ಕೆಡುವುದಿಲ್ಲ. ಮಣಿಕಟ್ಟು ಬಾಗಿದರೆ ಮಾತ್ರ ಕೆಟ್ಟಿತು. ಮಣಿಕಟ್ಟು ಬಾಗುವುದು ಯಾವಾಗ? ಟ್ರಿಗರನ್ನು ಜೋರಾಗಿ ಜಗ್ಗಿದಾಗ.

ಕಾರ್ಖಾನೆಯಿಂದ ಬಂದ ಮಾಮೂಲಿ ಪಿಸ್ತೂಲಿನ ಟ್ರಿಗರ್ ಎರಡು ಕಿಲೋ ಆಸುಪಾಸು ಇರುತ್ತದೆ. ಭಾರವೇ ದೊಡ್ಡ ಸಮಸ್ಯೆ ಅಲ್ಲ. ಎಳೆಯುತ್ತಾ ಹೋದಂತೆ ಸ್ವಲ್ಪ ಜಾರುತ್ತದೆ, ನಿಲ್ಲುತ್ತದೆ, ಮತ್ತೆ ಜಾರುತ್ತದೆ. ಈಗ ಬಿಡುತ್ತಾ, ಆಗ ಬಿಡುತ್ತಾ ಗೊತ್ತಾಗದೆ ಬೆರಳಿಗೆ ಸಹನೆ ಕೆಡುತ್ತದೆ. ಪಾರ್ಡಿನಿ, ವಾಲ್ಟರ್ ಜಿಎಸ್‌ಪಿ ಥರದ ಸ್ಪರ್ಧೆಯ ಪಿಸ್ತೂಲುಗಳಲ್ಲಿ ಟ್ರಿಗರ್ ಎರಡು ಹಂತದ್ದು. ಮೊದಲ ಹಂತದಲ್ಲಿ ಭಾರದ ಬಹುಪಾಲು ಬೆರಳಿಗೆ ಬಂದು ಕೂತುಬಿಡುತ್ತದೆ, ಒಂದು ಸ್ಪಷ್ಟ ತಡೆ ಸಿಗುತ್ತದೆ, ಅಲ್ಲಿಂದ ಇನ್ನೊಂಚೂರು ಒತ್ತಿದರೆ ಸಾಕು. ಎಲ್ಲಿ ತಡೆ, ಎಷ್ಟು ಭಾರ, ಬಿಟ್ಟ ಮೇಲೆ ಎಷ್ಟು ಹಿಂದೆ ಹೋಗಬೇಕು, ಎಲ್ಲಕ್ಕೂ ಸ್ಕ್ರೂ ಇದೆ. ಆದರೆ 25 ಮೀಟರ್ ಸ್ಪರ್ಧೆಯಲ್ಲಿ ಒಟ್ಟು ಭಾರ 1000 ಗ್ರಾಂಗಿಂತ ಕಡಿಮೆ ಇರುವಂತಿಲ್ಲ. ತಪಾಸಣೆ ಮೇಜಿನಲ್ಲಿ ಪಿಸ್ತೂಲನ್ನು ನೆಟ್ಟಗೆ ನಿಲ್ಲಿಸಿ, ಟ್ರಿಗರ್‌ಗೆ ತೂಕ ಸಿಕ್ಕಿಸಿ ಮೇಲೆತ್ತುತ್ತಾರೆ. ತೂಕ ಎದ್ದರೆ ಪಾಸು, ಅದಕ್ಕೆ ಮೊದಲೇ ಟ್ರಿಗರ್ ಬಿಟ್ಟರೆ ಮತ್ತೆ ಸ್ಕ್ರೂಡ್ರೈವರ್ ಹಿಡಿದು ಕೂರಬೇಕು.

ಇನ್ನು ಹಿಡಿ. ಇದೊಂದನ್ನು ಈಗಲೇ ಪರೀಕ್ಷೆ ಮಾಡಿ ನೋಡಿ. ಪಿಸ್ತೂಲು ಖಾಲಿ ಇದೆ ಅಂತ ಎರಡು ಸಲ ಖಾತ್ರಿ ಮಾಡಿಕೊಂಡು, ಸುರಕ್ಷಿತ ದಿಕ್ಕಿಗೆ ನಿಂತು, ಕಣ್ಣು ಮುಚ್ಚಿ ಕೈ ಎತ್ತಿ, ಆಮೇಲೆ ಕಣ್ಣು ಬಿಡಿ. ಮುಂದಿನ ಸೈಟ್ ಹಿಂದಿನ ಸೈಟಿನ ಕಂಡಿಯ ನಡುವೆ ಇದೆಯಾ? ಮಾಮೂಲಿ ಹಿಡಿಯಲ್ಲಿ ಸಾಧಾರಣವಾಗಿ ಒಂದು ಪಕ್ಕಕ್ಕೋ ಮೇಲಕ್ಕೋ ಇರುತ್ತದೆ. ಅದನ್ನು ಪ್ರತಿ ಏಟಿಗೂ ಮಣಿಕಟ್ಟಿನಿಂದ ಸರಿಪಡಿಸುತ್ತಾ ಇರಬೇಕು. ಸ್ಪರ್ಧೆಯ ಹಿಡಿ ಕೈ ಅಳತೆಗೆ ತಕ್ಕಂತೆ ಸಣ್ಣದು, ಮಧ್ಯಮ, ದೊಡ್ಡದು ಅಂತ ಬರುತ್ತದೆ. ಬಲಗೈಗೆ ಬೇರೆ, ಎಡಗೈಗೆ ಬೇರೆ. ಅಂಗೈ ಕೆಳಗಿನ ತಟ್ಟೆಯನ್ನು ಏರಿಸಿ ಇಳಿಸಬಹುದು. ಅಷ್ಟಾದರೂ ಸಾಲದು ಅಂತ ಮರಕ್ಕೆ ಹಾಕುವ ಪುಟ್ಟಿ ಮೆತ್ತಿ, ಅರದಿಂದ ಉಜ್ಜಿ, ತಮ್ಮ ಬೆರಳಿಗೆ ಸರಿಹೊಂದಿಸಿಕೊಳ್ಳುವವರೇ ಜಾಸ್ತಿ. ನೋಡೋಕೆ ಗಲೀಜಾಗಿರುತ್ತದೆ, ಕೆಲಸ ಮಾತ್ರ ಚೆನ್ನಾಗಿ ಮಾಡುತ್ತದೆ.

ವೇಗದ ಸುತ್ತುಗಳಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. 25 ಮೀಟರ್ ಪಿಸ್ತೂಲ್ ಸ್ಪರ್ಧೆಯ ಎರಡನೇ ಭಾಗದಲ್ಲಿ ಕೈ ಇಳಿಸಿ ನಿಂತಿರಬೇಕು. ಗುರಿ ಮೂರು ಸೆಕೆಂಡು ಮಾತ್ರ ತೋರುತ್ತದೆ, ಅಷ್ಟರಲ್ಲಿ ಎತ್ತಿ ಒಂದು ಏಟು ಹೊಡೆಯಬೇಕು. ರ‍್ಯಾಪಿಡ್ ಫೈರ್‌ನಲ್ಲಂತೂ ಐದು ಗುರಿಗೆ ಐದು ಏಟು, ಕೊನೆಯ ಸರಣಿಗಳಲ್ಲಿ ಅದಕ್ಕೆ ಸಿಗುವುದು ನಾಲ್ಕೇ ಸೆಕೆಂಡು. ಪಾರ್ಡಿನಿಯಲ್ಲಿ ಮ್ಯಾಗಜಿನ್ ಟ್ರಿಗರ್‌ನ ಮುಂದಿದೆ, ಬ್ಯಾರಲ್ ಕೈಗೆ ತೀರಾ ಹತ್ತಿರ ಕೂತಿದೆ. ಹಾಗಾಗಿ ಮೂತಿ ಮೇಲಕ್ಕೆ ಚಿಮ್ಮುವುದು ಕಡಿಮೆ, ಮುಂದಿನ ಗುರಿಗೆ ಬೇಗ ಹೊರಳಬಹುದು.

ಆದರೆ ಸ್ಪರ್ಧೆಯ ಪಿಸ್ತೂಲಿನ ಜೊತೆ ಬದುಕುವುದು ಸ್ವಲ್ಪ ಕಷ್ಟ. ರೇಸಿನ ಕುದುರೆ ಸಾಕಿದ ಹಾಗೆ. ಅದರಲ್ಲಿರುವುದು ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡಿಗೆ, ಅಂದರೆ ಸೆಕೆಂಡಿಗೆ ಸುಮಾರು 330 ಮೀಟರ್ ಹೋಗುವ ಗುಂಡಿಗೆ ಹೊಂದಿಸಿದ ಸ್ಪ್ರಿಂಗು. ಅದಕ್ಕಿಂತ ವೇಗದ ಹೈ ವೆಲಾಸಿಟಿ ಗುಂಡು ಹಾಕಿ ಹೊಡೆಯುತ್ತಾ ಹೋದರೆ ಒಳಗಿನ ಭಾಗಗಳಿಗೆ ಪೆಟ್ಟು. ಮ್ಯಾಗಜಿನ್‌ಗೆ ಐದೇ ಗುಂಡು. ನಿಮ್ಮ ಕೈಗೆ ಕೆತ್ತಿದ ಹಿಡಿ ಸ್ನೇಹಿತರ ಕೈಗೆ ಕೂರುವುದಿಲ್ಲ. ಕ್ಯಾನು ಸಾಲಾಗಿ ಇಟ್ಟು ಹೊಡೆಯುವ ಸಂಜೆಗೆ ಅದನ್ನು ತೆಗೆದುಕೊಂಡು ಹೋದರೆ ಬೇಜಾರೇ. ಅಲ್ಲಿ ಮಾರ್ಕ್ 4 ರಾಜ: ಸಿಕ್ಕ ಗುಂಡು ತಿನ್ನುತ್ತದೆ, ಹತ್ತು ಹಿಡಿಸುತ್ತದೆ, ಒಂದು ಗುಂಡಿ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಹಳೆಯ ಮಾರ್ಕ್‌ಗಳನ್ನು ಬಿಚ್ಚಿ ಜೋಡಿಸಿದವರಿಗೆ ಈ ಗುಂಡಿಯ ಬೆಲೆ ಗೊತ್ತು.

ಇವೆರಡರ ಮಧ್ಯೆ ನಿಲ್ಲುವುದು ಸ್ಮಿತ್ ಅಂಡ್ ವೆಸ್ಸನ್ ಮಾಡೆಲ್ 41. 1957ರಿಂದ ಇದೆ, ಟ್ರಿಗರ್ ಚೆಂದ. ಅದರ 7 ಇಂಚಿನ ಬ್ಯಾರಲ್ ಮಾತ್ರ ಐಎಸ್‌ಎಸ್‌ಎಫ್‌ಗೆ ಉದ್ದವಾಯಿತು, ಅಲ್ಲಿನ ಮಿತಿ 153 ಮಿ.ಮೀ. ನಿಮ್ಮ ಮಾರ್ಕ್ 4 ಹಂಟರ್ ಮಾದರಿಯಾಗಿದ್ದು 6.88 ಇಂಚಿನ ಬ್ಯಾರಲ್ ಇದ್ದರೆ ಅದಕ್ಕೂ ಇದೇ ಗತಿ. ನಿಮ್ಮ ಕ್ಲಬ್ಬಿನ ಪಂದ್ಯ ಯಾವ ನಿಯಮದ್ದು ಅಂತ ಮೊದಲು ಕೇಳಿಕೊಳ್ಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಸದ್ಯಕ್ಕೆ ಪಾರ್ಡಿನಿ ಕೊಳ್ಳುವುದಿಲ್ಲ. ಮಾರ್ಕ್ 4ಗೆ ಒಳ್ಳೆಯ ಟ್ರಿಗರ್ ಕಿಟ್ ಹಾಕಿಸಿ, ಬಂದೂಕು ರಿಪೇರಿ ಬಲ್ಲವರ ಕೈಯಿಂದಲೇ. ಕೈಗೆ ಹೊಂದುವ ಮರದ ಹಿಡಿ ಹಾಕಿ. ಒಂದೇ ಬಗೆಯ ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡಿಗೆ ಅಂಟಿಕೊಳ್ಳಿ. ದಿನಾ ಮನೆಯಲ್ಲಿ ಡ್ರೈ ಫೈರ್ ಮಾಡಿ, ಅಂದರೆ ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ. ರಿಮ್‌ಫೈರ್‌ನಲ್ಲಿ, ಅಂದರೆ .22ರಂತೆ ಅಂಚಿಗೆ ಪೆಟ್ಟು ಬಿದ್ದು ಸಿಡಿಯುವ ಗುಂಡಿನ ಪಿಸ್ತೂಲಿನಲ್ಲಿ, ಫೈರಿಂಗ್ ಪಿನ್ ಖಾಲಿ ಚೇಂಬರಿನ (ಗುಂಡು ಕೂರುವ ಜಾಗದ) ಅಂಚಿಗೆ ಬಡಿಯುವ ಅಪಾಯ ಇರುತ್ತದೆ, ಹಾಗಾಗಿ ಕೈಪಿಡಿ ಓದಿಕೊಂಡು ಮಾಡಿ. ಹಲವು ಸ್ಪರ್ಧೆಯ ಪಿಸ್ತೂಲುಗಳಲ್ಲಿ ಇದಕ್ಕೇ ಬೇರೆ ವ್ಯವಸ್ಥೆ ಇರುತ್ತದೆ, ನಿಜ ಹೇಳಬೇಕೆಂದರೆ ನನಗೆ ಅವುಗಳಲ್ಲಿ ಅತಿ ಇಷ್ಟವಾದದ್ದು ಅದೇ.

ಇಷ್ಟೆಲ್ಲಾ ಮಾಡಿಯೂ ನಿಧಾನದ ಸುತ್ತಿನಲ್ಲಿ ಅಂಕ ಚೆನ್ನಾಗಿ ಬಂದು ವೇಗದ ಸುತ್ತಿನಲ್ಲೇ ಬೀಳುತ್ತಿದ್ದರೆ ಆಗ ಪಾರ್ಡಿನಿ ಕಡೆ ನೋಡಿ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬ್ಯಾರಲ್ ಒಳಗೆ ಇಣುಕುವ ಮೊದಲು ಹಿಡಿ ಯಾವ ಕೈಗೆ, ಯಾವ ಅಳತೆಯದು ಅಂತ ನೋಡಿ. ಎಷ್ಟು ಮ್ಯಾಗಜಿನ್ ಕೊಡ್ತಾರೆ ಅಂತಲೂ ಕೇಳಿ, ಆಮೇಲೆ ಬಿಡಿಯಾಗಿ ಕೊಳ್ಳೋಕೆ ಹೋದರೆ ಅವು ಅಗ್ಗ ಅಲ್ಲ.