‘ಆಸ್ಟ್ರೇಲಿಯಾದಲ್ಲಿ ನಂಬರ್ ಒನ್’ ಅಂದರೆ ಯಾವ ಪಟ್ಟಿಯಲ್ಲಿ?

ಬಿಲ್ಲಿ ಥಾರ್ಪ್ ಮತ್ತು ಆಜ್ಟೆಕ್ಸ್ ತಂಡದ ‘ಪಾಯ್ಸನ್ ಐವಿ’ ಹಾಡು 1964ರಲ್ಲಿ ಆಸ್ಟ್ರೇಲಿಯಾದ ನಂಬರ್ ಒನ್ ಆಗಿತ್ತೇ ಎಂದು ಕೇಳಿದ್ದೀರಿ. ಸಿಡ್ನಿಯಲ್ಲಿ ಹೌದು. ಅದನ್ನು ಇಡೀ ದೇಶಕ್ಕೆ ಹಿಗ್ಗಿಸಬೇಡಿ. ಆಗ ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್, ಅಡಿಲೇಡ್‌ಗಳ ರೇಡಿಯೋ ಕೇಂದ್ರಗಳು ಜನಪ್ರಿಯ ಹಾಡುಗಳ ತಂತಮ್ಮ ಪಟ್ಟಿ ಹೊರಡಿಸುತ್ತಿದ್ದವು. ಗೋ-ಸೆಟ್ ಎಂಬ ಪಾಪ್ ಸಂಗೀತ ಪತ್ರಿಕೆಯ ರಾಷ್ಟ್ರೀಯ ಪಟ್ಟಿ ಶುರುವಾಗಿದ್ದೇ 1966ರ ಅಕ್ಟೋಬರ್‌ನಲ್ಲಿ.

ಹಾಗಾಗಿ ಮೊದಲು ಹಾಡಿನ ವರ್ಷ ನೋಡಿ. 1966ರಿಂದ 1974ರವರೆಗೆ ಗೋ-ಸೆಟ್, ಆಮೇಲೆ ಡೇವಿಡ್ ಕೆಂಟ್ ಅವರು ಹೊರಡಿಸುತ್ತಿದ್ದ ಕೆಂಟ್ ಮ್ಯೂಸಿಕ್ ರಿಪೋರ್ಟ್ ಎಂಬ ಪಟ್ಟಿ, 1988ರ ಮಧ್ಯದಿಂದ ಆಸ್ಟ್ರೇಲಿಯಾದ ರೆಕಾರ್ಡ್ ಉದ್ಯಮದ ಸಂಘವಾದ ಏರಿಯಾದ (ARIA) ಸ್ವಂತ ಪಟ್ಟಿ. ಹೆಚ್ಚಿನವರು ಎಡವುವುದು 1983–88ರ ಅವಧಿಯಲ್ಲಿ. ಆಗ ಏರಿಯಾ, ಕೆಂಟ್ ಅವರ ಪಟ್ಟಿಯನ್ನೇ ಪರವಾನಗಿ ಪಡೆದು ಬಳಸುತ್ತಿತ್ತು. ಕೈಲಿ ಮಿನೋಗ್ 1987ರಲ್ಲಿ ‘ಲೋಕೊಮೋಷನ್’ ಹಾಡಿನಿಂದ ಏಳು ವಾರ ಮೊದಲ ಸ್ಥಾನದಲ್ಲಿದ್ದದ್ದು ನಿಜ, ಆದರೆ ಎಣಿಕೆ ಕೆಂಟ್ ಅವರದು.

1940–1969ರ ಬಗ್ಗೆ ಕೆಂಟ್ ಪುಸ್ತಕದ ಅಂಕಿ ಯಾರಾದರೂ ತೋರಿಸಿದರೆ, ಅದು ದಶಕಗಳ ನಂತರ ನಗರಗಳ ಪಟ್ಟಿಗಳಿಂದ ಲೆಕ್ಕ ಹಾಕಿದ್ದು. ಉಪಯುಕ್ತ, ನಂಬಬಹುದು; ಆದರೆ ಆ ವಾರ ಅಚ್ಚಾದ ಪಟ್ಟಿ ಅದಲ್ಲ, ಬರೆಯುವಾಗ ಹಾಗೆಂದು ನಮೂದಿಸಲೇಬೇಕು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಆನ್‌ಲೈನ್ ಸಂಗ್ರಹವಾದ ಟ್ರೋವ್‌ನಲ್ಲಿ ಹಳೆಯ ಪತ್ರಿಕೆ ಹುಡುಕುವಾಗ ವಾರ, ನಗರ, ಪಟ್ಟಿ ಹೊರಡಿಸಿದವರು, ಈ ಮೂರನ್ನೂ ಗುರುತು ಹಾಕಿಕೊಳ್ಳಿ. ರೆಕಾರ್ಡ್ ಕಂಪನಿಯ ಜಾಹೀರಾತಿನಲ್ಲಿ ‘ನಂಬರ್ ಒನ್’ ಎಂದಿದ್ದರೆ ಅದನ್ನು ಪುರಾವೆ ಎಂದು ಎಣಿಸಬೇಡಿ.